ಶೀ: ದಿಬ್ಬದೊಳಗೆ ಕೂತ ಪದ

ಐರ್ಲೆಂಡಿನ ಪೊಲೀಸ್ ಪಡೆಗೆ ಅಲ್ಲಿನ ಭಾಷೆಯಲ್ಲಿ ‘ಗಾರ್ಡ ಶೀಯಖಾನ’ ಎಂದು ಹೆಸರು. ಶಾಂತಿ ಕಾಯುವವರು ಎಂದರ್ಥ. ಮನೆಯಲ್ಲೊಂದು ಸಾವಾಗುವ ಮುಂಚೆ ಕತ್ತಲಲ್ಲಿ ಹೊರಗೆ ನಿಂತು ಗೋಳಿಡುವ ಹೆಣ್ಣಿಗೆ ಅದೇ ನಾಡಿನಲ್ಲಿ ‘ಬ್ಯಾನ್‌ಶೀ’ ಅನ್ನುತ್ತಾರೆ. 2022ರ ‘ದಿ ಬ್ಯಾನ್‌ಶೀಸ್ ಆಫ್ ಇನಿಶೆರಿನ್’ ಸಿನಿಮಾದಿಂದ ಈ ಹೆಸರು ನಮ್ಮಲ್ಲೂ ಕೆಲವರ ಕಿವಿಗೆ ಬಿದ್ದಿದೆ. ಇನ್ನು ಡಬ್ಲಿನ್ನಿನ ಉತ್ತರಕ್ಕೆ, ಬಾಯ್ನ್ ನದಿಯ ದಂಡೆಯಲ್ಲಿ, ಈಜಿಪ್ಟಿನ ಪಿರಮಿಡ್ಡುಗಳಿಗಿಂತ ಹಳೆಯದಾದ ಒಂದು ಗೋರಿಯಿದೆ. ಕ್ರಿ.ಪೂ. 3200ರ ಸುಮಾರಿನ ಅದನ್ನು ಜಗತ್ತು ನ್ಯೂಗ್ರೇಂಜ್ ಎಂದು ಕರೆದರೆ ಐರಿಷ್ ಭಾಷೆಯಲ್ಲಿ ಅದು ‘ಶೀ ಅನ್ ವ್ರೂ’. ಪೊಲೀಸು, ಪ್ರೇತ, ಗೋರಿ: ಈ ಮೂರರೊಳಗೂ ಒಂದು ‘ಶೀ’ ಕೂತಿದೆ.

‘ಕೂತಿದೆ’ ಎಂದದ್ದು ಬೇಕೆಂದೇ. ಈ ಪದದ ಹುಟ್ಟೇ ಕೂರುವುದರಲ್ಲಿದೆ.

ಹಳೆಯ ಐರಿಷ್‌ನಲ್ಲಿ ಇದರ ರೂಪ ‘ಶೀದ್’. ಕಾಲ ಸರಿದಂತೆ ಕೊನೆಯ ವ್ಯಂಜನ ಮೆತ್ತಗಾಗಿ, ಉಸಿರಾಗಿ, ಬಾಯಿಂದ ಜಾರಿಯೇ ಹೋಯಿತು. ಬರಹದಲ್ಲಿ ಮಾತ್ರ ಶತಮಾನಗಟ್ಟಲೆ ಉಳಿದುಕೊಂಡಿತ್ತು. ಕವಿ ಯೇಟ್ಸ್ ಬರೆಯುತ್ತಿದ್ದುದು ಆ ಉದ್ದನೆಯ ಹಳೇ ಕಾಗುಣಿತವನ್ನೇ. 20ನೇ ಶತಮಾನದ ನಡುವಿನಲ್ಲಿ ಐರಿಷ್ ಕಾಗುಣಿತವನ್ನು ಸರಳಗೊಳಿಸಿದಾಗ ಉಚ್ಚಾರವಿಲ್ಲದ ಅಕ್ಷರಗಳನ್ನು ಕತ್ತರಿಸಿ ಹಾಕಿದರು, ‘ಶೀ’ ಉಳಿಯಿತು. ಅರ್ಥ: ದಿಬ್ಬ. ಆದರೆ ಬರಿಯ ಮಣ್ಣಗುಡ್ಡೆಯಲ್ಲ. ಒಳಗೆ ಯಾರೋ ಇರುವ ದಿಬ್ಬ.

ಭಾಷಾವಿಜ್ಞಾನಿಗಳು ಇದರ ಬೇರನ್ನು ಇಂಡೋ-ಯುರೋಪಿಯನ್ನಿನ ‘ಸೆದ್’ ಧಾತುವಿನಲ್ಲಿ ಕಾಣುತ್ತಾರೆ. ಕೂರು ಎಂಬ ಅರ್ಥದ ಧಾತು ಅದು, ಸಂಸ್ಕೃತದ ‘ಸದ್’ ಅದರದೇ ರೂಪ. ಸದನ, ಸದಸ್ಯ, ಸಂಸತ್ತು, ಪರಿಷತ್ತು, ಉಪನಿಷತ್ತು ಎಲ್ಲವೂ ಅದರ ಸಂತಾನ, ದಿನಪತ್ರಿಕೆಯ ಮೊದಲ ಪುಟದಲ್ಲಿ ದಿನಾ ನೋಡುವವೇ. ಅದರಲ್ಲೂ ‘ಸದಸ್ಸು’ ಐರಿಷ್ ಶೀದ್‌ಗೆ ತೀರಾ ಹತ್ತಿರದ ನೆಂಟ. ಎರಡೂ ನಪುಂಸಕಲಿಂಗದ ಸಕಾರಾಂತ ಪದಗಳು, ಸ್ವರದ ಹ್ರಸ್ವದೀರ್ಘವೊಂದೇ ಬೇರೆ. ಒಂದು ಕಡೆ ವಿದ್ವಾಂಸರು ಕೂರುವ ಸಭೆಯಾಯಿತು, ಇನ್ನೊಂದು ಕಡೆ ದೇವತೆಗಳು ಕೂರುವ ಗೋರಿಯಾಯಿತು.

ವೇಲ್ಸಿನ ಭಾಷೆಯಲ್ಲೂ ಇದೇ ಧಾತುವಿನಿಂದ ಬಂದ ‘ಗೋರ್ಸೆದ್’ ಎಂಬ ಪದವಿದೆ. ಅದಕ್ಕೆ ದಿಬ್ಬ, ಸಿಂಹಾಸನ, ಸಭೆ ಎಂಬ ಮೂರೂ ಅರ್ಥ. ವೇಲ್ಸಿನ ಮಧ್ಯಯುಗದ ಕತೆಗಳಲ್ಲಿ ಅರ್ಬರ್ತ್ ಎಂಬಲ್ಲಿನ ಗೋರ್ಸೆದ್ ಮೇಲೆ ಅರಸುಮಗನೊಬ್ಬ ಕೂತರೆ ಒಂದೋ ಪೆಟ್ಟು ತಿನ್ನಬೇಕು, ಇಲ್ಲವೇ ಅದ್ಭುತವನ್ನು ಕಾಣಬೇಕು. ಅರಸ ಪ್ವಿಲ್ ಕೂತ, ಕುದುರೆಯೇರಿದ ಹೆಣ್ಣೊಬ್ಬಳು ಬಂದಳು. ವಿಕ್ರಮನ ಸಿಂಹಾಸನ ಹೂತಿದ್ದ ದಿಬ್ಬವನ್ನೇರಿ ಕೂತ ದನಗಾಹಿ ಹುಡುಗ ನ್ಯಾಯ ಹೇಳಲು ತೊಡಗಿದ ಕತೆ ನಮಗೆ ಗೊತ್ತು. ಕೂರುವ ಎತ್ತರಕ್ಕೆ ಏನೋ ಶಕ್ತಿಯಿದೆ ಎಂಬ ನಂಬಿಕೆ ಒಂದು ನಾಡಿನ ಸೊತ್ತಲ್ಲ.

ಈಗ ಆ ದಿಬ್ಬದ ಕಲ್ಲುಗಳ ಹತ್ತಿರ ಹೋಗೋಣ. ನ್ಯೂಗ್ರೇಂಜಿನ ಸುತ್ತಳತೆಯುದ್ದಕ್ಕೂ 97 ಅಂಚುಗಲ್ಲುಗಳನ್ನು ಮಲಗಿಸಿ ಜೋಡಿಸಿದ್ದಾರೆ. ಬಾಗಿಲ ಮುಂದಿನದೇ ಎಲ್ಲಕ್ಕಿಂತ ಹೆಸರಾದದ್ದು, ಮೂರು ಮೀಟರಿಗೂ ಉದ್ದ, ಸುಮಾರು 5 ಟನ್ ತೂಕ. ಅದರ ಮೈಯಲ್ಲಿ ಒಂದಿಷ್ಟೂ ಖಾಲಿ ಜಾಗವಿಲ್ಲ. ನಡುವೆ ಮೇಲಿಂದ ಕೆಳಗೆ ಒಂದು ನೇರ ಗೀರು. ಎಡಕ್ಕೆ ಒಂದರ ಬಾಲ ಇನ್ನೊಂದಕ್ಕೆ ಸೇರುವ ಮೂರು ಸುಳಿಗಳು. ಬಲಕ್ಕೆ ಮತ್ತೆ ಸುಳಿ, ಅಂಚುಗಳಲ್ಲಿ ಹೆಣೆದಂತಿರುವ ವಜ್ರಾಕೃತಿ. ಗೋರಿಯ ನೇರ ಹಿಂಬದಿಯಲ್ಲಿರುವ 52ನೇ ಅಂಚುಗಲ್ಲಿನ ಮೇಲೂ ಅಂಥದ್ದೇ ನೇರ ಗೀರು. ಬಾಗಿಲಿನಿಂದ 19 ಮೀಟರ್ ಉದ್ದದ ಇಕ್ಕಟ್ಟಾದ ಒಳದಾರಿ, ಅದರ ಕೊನೆಗೆ ಒಂದರ ಮೇಲೊಂದು ಕಲ್ಲು ಮುಂಚಾಚಿಸುತ್ತಾ 6 ಮೀಟರ್ ಎತ್ತರಕ್ಕೆ ಏರಿಸಿದ ಗವಿಯಂಥ ಕೋಣೆ. ಗಾರೆಯಿಲ್ಲ, ಸುಣ್ಣವಿಲ್ಲ, ಆದರೂ ಸೋರುವುದಿಲ್ಲ. ಕೋಣೆಯ ಕೊನೇ ಗೂಡಿನ ಬಲಗಲ್ಲಿನ ಮೇಲೆ ಅಡಿಯಗಲದ ಒಂದು ಮೂರುಸುಳಿ ಇದೆ. ಇಂದು ಬೆಳ್ಳಿ ಪದಕಗಳ ಮೇಲೆ, ಬನಿಯನ್ನುಗಳ ಮೇಲೆ ‘ಕೆಲ್ಟಿಕ್ ಚಿಹ್ನೆ’ ಎಂದು ಮಾರಾಟವಾಗುವುದು ಇದೇ. ಕೆಲ್ಟ್ ಎಂಬ ಹೆಸರು ಹುಟ್ಟುವುದಕ್ಕೆ ಎರಡು ಸಾವಿರ ವರ್ಷಕ್ಕೂ ಮುಂಚೆ ಕೆತ್ತಿದ ಸುಳಿಗೆ ಈ ಗತಿ.

ಲೋಹ ಇನ್ನೂ ಬಂದಿರದ ಕಾಲ. ಚಕಮಕಿ ಕಲ್ಲಿನದೋ ಬೆಣಚುಕಲ್ಲಿನದೋ ಮೊನೆಯನ್ನು ಇಟ್ಟು, ಇನ್ನೊಂದು ಕಲ್ಲಿನಿಂದ ತಟ್ಟಿ ತಟ್ಟಿ ಚುಕ್ಕೆ ಚುಕ್ಕೆಯಾಗಿ ಗೆರೆ ತೆಗೆದಿದ್ದಾರೆ. ಬೀಸುಕಲ್ಲಿಗೆ ಕಕ್ಕು ಹಾಕುವವರ ಕೈ ನೋಡಿದವರಿಗೆ ಈ ಕೆಲಸದ ಲಯ ಬಿಡಿಸಿ ಹೇಳಬೇಕಿಲ್ಲ. ಹತ್ತಿರದಿಂದ ನೋಡಿದರೆ ಸುಳಿಯ ಗೆರೆ ಗೆರೆಯಲ್ಲ, ಸಾವಿರಾರು ಚಿಕ್ಕ ಗುಳಿಗಳ ಸಾಲು. ಕೆಲವು ಕಲ್ಲುಗಳಲ್ಲಿ ಹಳೆಯ ವಿನ್ಯಾಸದ ಮೇಲೇ ಆಮೇಲೆ ಇಡೀ ಮೈಯನ್ನು ಹೀಗೆ ತಟ್ಟಿ ಒರಟು ಮಾಡಿದ್ದಾರೆ. ಅಲ್ಲಿ ಚಿತ್ರಕ್ಕಿಂತ ತಟ್ಟುವುದೇ ಮುಖ್ಯವಾಗಿತ್ತೋ ಎನ್ನಿಸುತ್ತದೆ.

ಇದಕ್ಕಿಂತ ನನ್ನನ್ನು ಹೆಚ್ಚು ಕಾಡುವುದು ಬಚ್ಚಿಟ್ಟ ಕೆತ್ತನೆಗಳು. ಪುರಾತತ್ವಜ್ಞ ಮೈಕೆಲ್ ಓ’ಕೆಲಿ 1962ರಿಂದ 1975ರವರೆಗೆ ನ್ಯೂಗ್ರೇಂಜನ್ನು ಅಗೆದಾಗ, ಅಂಚುಗಲ್ಲುಗಳ ಬೆನ್ನ ಮೇಲೆ, ಮಾಡಿನ ಚಪ್ಪಡಿಗಳು ಒಂದರ ಮೇಲೊಂದು ಕೂರುವ ಮುಚ್ಚಿದ ಮಗ್ಗುಲುಗಳಲ್ಲಿ ಕೆತ್ತನೆ ಸಿಕ್ಕಿತು. ಕಟ್ಟಡ ಮುಗಿದ ಮೇಲೆ ಅವು ಯಾವ ಮನುಷ್ಯನ ಕಣ್ಣಿಗೂ ಬೀಳುವಂತಿರಲಿಲ್ಲ. ಪಕ್ಕದ ನೌತ್ ದಿಬ್ಬದಲ್ಲೂ ಇದೇ ಕತೆ. ಜಾರ್ಜ್ ಈಗನ್ 1962ರಲ್ಲಿ ಅಗೆಯಲು ಶುರುಮಾಡಿ, 1967 ಮತ್ತು 1968ರಲ್ಲಿ ಒಂದರ ಬೆನ್ನಿಗೊಂದು ಎರಡು ಒಳದಾರಿಗಳನ್ನು ಕಂಡರು. ಪಶ್ಚಿಮ ಯುರೋಪಿನ ಒಳದಾರಿ ಗೋರಿಗಳ ಕೆತ್ತನೆಯಲ್ಲಿ ಬಹು ದೊಡ್ಡ ಪಾಲು ಆ ಒಂದೇ ದಿಬ್ಬದಲ್ಲಿದೆ. ಅಲ್ಲೂ ಹಲವು ಕಲ್ಲುಗಳು ಮಣ್ಣಿಗೆ ಮುಖ ಮಾಡಿವೆ. ನೋಡುವವರಿಗಾಗಿ ಕೆತ್ತಿದ್ದಲ್ಲದಿದ್ದರೆ ಯಾರಿಗಾಗಿ?

ಈ ಕೆತ್ತನೆಗಳನ್ನು ಕುರಿತು ಮೊದಲು ಬರೆದಿಟ್ಟವನು ವೇಲ್ಸಿನ ಎಡ್ವರ್ಡ್ ಲ್ವಿಡ್. 1699ರಲ್ಲಿ ಆ ಜಮೀನಿನ ಒಡೆಯ ಚಾರ್ಲ್ಸ್ ಕ್ಯಾಂಬೆಲ್ ಎಂಬಾತನ ಆಳುಗಳು ರಸ್ತೆಗೆ ಕಲ್ಲು ಬೇಕೆಂದು ದಿಬ್ಬವನ್ನು ಕೆದಕುತ್ತಿದ್ದಾಗ ಬಾಗಿಲಗಲ್ಲು ಸಿಕ್ಕಿತು. ಆಕ್ಸ್‌ಫರ್ಡಿನ ಆಶ್ಮೋಲಿಯನ್ ಸಂಗ್ರಹಾಲಯದ ಪಾಲಕನಾಗಿದ್ದ ಲ್ವಿಡ್ ಆಗ ಆ ದೇಶದಲ್ಲೇ ತಿರುಗಾಡುತ್ತಿದ್ದ. ಬಂದು ನೋಡಿ, ಒಳಗೆ ತೆವಳಿ, ಕಂಡದ್ದನ್ನು ಗೆಳೆಯರಿಗೆ ಕಾಗದ ಬರೆದ. ಅವನು ತಿರುಗುತ್ತಿದ್ದುದು ಕಲ್ಲಿಗಾಗಿ ಅಷ್ಟೇ ಅಲ್ಲ, ಭಾಷೆಗಾಗಿ. 1707ರಲ್ಲಿ ಅವನು ಅಚ್ಚು ಹಾಕಿಸಿದ ‘ಆರ್ಕಿಯಾಲಜಿಯ ಬ್ರಿಟಾನಿಕ’ ಗ್ರಂಥವೇ ಐರಿಷ್, ವೆಲ್ಷ್, ಬ್ರೆಟನ್, ಕಾರ್ನಿಷ್ ಭಾಷೆಗಳ ದಾಯಾದಿತನವನ್ನು ಪದ ಪದ ಇಟ್ಟು ತೋರಿಸಿದ್ದು. ಐರಿಷ್ ಶೀದ್ ಮತ್ತು ವೆಲ್ಷ್ ಗೋರ್ಸೆದ್ ಒಂದೇ ಬೇರಿನವೆಂದು ಇಂದು ನಾವು ಹೇಳುವುದಿದ್ದರೆ, ಆ ಬಗೆಯ ವಿಚಾರಕ್ಕೆ ಹಾದಿ ಹಾಕಿದವನು ಇವನು. ಸುಳಿಗಲ್ಲಿನ ಮೊದಲ ಸಾಕ್ಷಿಯೂ ಇವನೇ.

ಅವನ ನಂತರ ಬಂದವರಲ್ಲಿ ಆ ಸಂಯಮವಿರಲಿಲ್ಲ. ಅಮೆರಿಕದಲ್ಲಿ ಗವರ್ನರ್ ಆಗಿದ್ದ ಥಾಮಸ್ ಪೌನಾಲ್ 1770ರ ದಶಕದಲ್ಲಿ ಬರೆದ ಲೇಖನದಲ್ಲಿ ಒಂದು ಕಲ್ಲಿನ ಗುರುತುಗಳನ್ನು ಫಿನೀಷಿಯನ್ ಲಿಪಿಯೆಂದು ಊಹಿಸಿದ. 20ನೇ ಶತಮಾನದಲ್ಲಿ ಇವು ಸೂರ್ಯಗಡಿಯಾರ ಎಂದವರಿದ್ದಾರೆ, ನೌತಿನ ಒಂದು ಕಲ್ಲಿನಲ್ಲಿ ಚಂದ್ರನ ನಕಾಶೆ ಕಂಡವರಿದ್ದಾರೆ, ಮಂಪರಿನಲ್ಲಿ ಕಣ್ಣೊಳಗೆ ಮೂಡುವ ಆಕೃತಿಗಳೇ ಕಲ್ಲಿಗಿಳಿದಿವೆ ಎಂದವರಿದ್ದಾರೆ. ಪ್ರತಿಯೊಂದೂ ಒಂದೆರಡು ಕಲ್ಲಿಗೆ ಒಪ್ಪುತ್ತದೆ, ಮೂರನೆಯದಕ್ಕೆ ಬಂದಾಗ ಮುಗ್ಗರಿಸುತ್ತದೆ.

ಕೆತ್ತಿದವರ ಭಾಷೆ ಯಾವುದು? ಅದರ ಒಂದಕ್ಷರವೂ ಉಳಿದಿಲ್ಲ. ಶೀದ್ ಅವರ ಪದವಲ್ಲ ಎಂದು ಮಾತ್ರ ಹೆಚ್ಚುಕಡಿಮೆ ಖಚಿತವಾಗಿ ಹೇಳಬಹುದು. ಗೋರಿ ಕಟ್ಟಿದವರು ಅನಟೋಲಿಯಾ ಕಡೆಯಿಂದ ತಲೆತಲಾಂತರಗಳಲ್ಲಿ ಪಶ್ಚಿಮಕ್ಕೆ ಸರಿದು ಬಂದ ಬೇಸಾಯಗಾರರ ವಂಶದವರು. ಕ್ರಿ.ಪೂ. 2500ರಿಂದೀಚೆಗೆ ತಾಮ್ರ, ಕಂಚು ಹಿಡಿದು ಬಂದವರಿಂದ ಆ ದ್ವೀಪದ ಜನಸಂಖ್ಯೆಯೇ ಬಹುಮಟ್ಟಿಗೆ ಬದಲಾಯಿತೆಂದು 2016ರಲ್ಲಿ ಪ್ರಕಟವಾದ ಪ್ರಾಚೀನ ಡಿಎನ್ಎ ಅಧ್ಯಯನ ತೋರಿಸಿದೆ. ಇಂಡೋ-ಯುರೋಪಿಯನ್ ಮಾತು ಅಲ್ಲಿಗೆ ಕಾಲಿಟ್ಟದ್ದು ಅವರೊಡನೆಯೋ, ಅವರಿಗಿಂತ ಈಚೆಗೋ. ಅಂದರೆ ಶೀದ್ ಎಂಬ ಪದ ಈ ದಿಬ್ಬಕ್ಕೆ ಬಂದಾಗ ದಿಬ್ಬ ಆಗಲೇ ಹಳೆಯದಾಗಿತ್ತು, ಕಟ್ಟಿದವರು ಹೋಗಿದ್ದರು. ಬೇರೆಯವರ ಮನೆಗೆ ಬಂದು ಕೂತ ಪದ ಇದು.

ಐರಿಷರ ಪುರಾಣವೂ ಸುತ್ತಿ ಬಳಸಿ ಇದನ್ನೇ ಹೇಳುತ್ತದೆ. ದೇವಕುಲದ ಹಿರಿಯ ದಗ್ದ ಎಲ್ಲರಿಗೂ ಒಂದೊಂದು ಶೀದ್ ಹಂಚಿಕೊಟ್ಟ, ನ್ಯೂಗ್ರೇಂಜನ್ನು ತನ್ನ ಮನೆಯಾಗಿ ಇಟ್ಟುಕೊಂಡ. ಹಂಚಿಕೆ ಮುಗಿದ ಮೇಲೆ ಮಗ ಏಂಗಸ್ ಬಂದ. ನನ್ನ ಪಾಲೆಲ್ಲಿ ಎಂದು ಕೇಳಿದ. ಉಳಿದಿಲ್ಲವೆಂದಾಗ, ಹೋಗಲಿ, ನಿನ್ನ ಮನೆಯಲ್ಲಿ ಹಗಲು ರಾತ್ರಿ ಇರಲು ಬಿಡು ಎಂದ. ದಗ್ದ ಒಪ್ಪಿದ. ಅವಧಿ ಮುಗಿಯಿತು, ಎದ್ದು ಹೋಗು ಎಂದಾಗ ಏಂಗಸ್ ಅಲುಗಲಿಲ್ಲ. ಲೋಕವಿರುವುದೇ ಹಗಲು ರಾತ್ರಿಯಲ್ಲಿ, ನೀನು ಕೊಟ್ಟದ್ದೂ ಅದನ್ನೇ ಎಂದ. ಇಂಗ್ಲಿಷಿಗೆ ಹೋದರೆ ಈ ಯುಕ್ತಿಗೆ ಅಡಿಟಿಪ್ಪಣಿ ಬೇಕಾಗುತ್ತದೆ. ‘ಒಂದು’ ಎಂಬುದನ್ನು ಬಾಯಿಬಿಟ್ಟು ಹೇಳಲೇಬೇಕಾದ ಕಟ್ಟುಪಾಡು ಐರಿಷ್‌ನಲ್ಲಿಲ್ಲ, ಕನ್ನಡದಲ್ಲೂ ಇಲ್ಲ. ಹಾಗಾಗಿ ನಮಗೆ ಏಂಗಸನ ಕಿಲಾಡಿತನ ಹಾಗೆಯೇ ಹಿಡಿಯುತ್ತದೆ. ‘ಶೀದ್‌ನ ವಶ’ ಎಂಬ ಹೆಸರಿನ ಈ ಕತೆ 12ನೇ ಶತಮಾನದ ಲೈನ್‌ಸ್ಟರ್ ಹೊತ್ತಗೆಯಲ್ಲಿದೆ. ಒಳಗೆ ಎಂದೂ ಹಣ್ಣು ಬಿಡುವ ಮೂರು ಮರ, ಬೆಂದು ಸಿದ್ಧವಾಗಿರುವ ಹಂದಿ, ತೀರದ ಪಾನ. ಇನ್ನೊಂದು ಕತೆಯಲ್ಲಿ ಏಂಗಸನ ಹುಟ್ಟೇ ವಿಚಿತ್ರ. ಬಾಯ್ನ್ ನದಿಯ ದೇವತೆ ಅವನ ತಾಯಿ, ದಗ್ದ ಕಾಲವನ್ನು ತಡೆದು ನಿಲ್ಲಿಸಿದ್ದರಿಂದ ಒಂಬತ್ತು ತಿಂಗಳು ಒಂದೇ ದಿನವಾಗಿ ಕಳೆದು, ಬಸಿರಾದ ದಿನವೇ ಹೆರಿಗೆಯಾಯಿತು.

ನದಿಯ ಹೆಸರನ್ನು ಇಲ್ಲೇ ಹೇಳಿಬಿಡುತ್ತೇನೆ. ಟಾಲಮಿಯ ಭೂಗೋಳದಲ್ಲಿ ಅದು ‘ಬೂವಿಂದ’. ಮೊದಲ ತುಂಡು ಹಸು, ನಮ್ಮ ‘ಗೋ’ ಶಬ್ದದ ಒಡಹುಟ್ಟು. ಎರಡನೆಯದು ಬಿಳಿ ಎಂಬ ಅರ್ಥದ ಕೆಲ್ಟಿಕ್ ಪದ. ಬಿಳಿಹಸುವಿನ ಹೊಳೆ. ಗೋವಿಂದ ಎಂದು ಕಿವಿಗೆ ಕೇಳಿಸಿದರೂ ನಮ್ಮ ‘ವಿಂದ’ಕ್ಕೆ ಪಡೆಯುವವ ಎಂಬ ಅರ್ಥವಿರುವುದರಿಂದ ಅಲ್ಲಿಗೇ ನಿಲ್ಲಿಸುವುದು ಒಳ್ಳೆಯದು.

ಕಾಲ ನಿಂತ ಕತೆಗೂ ನ್ಯೂಗ್ರೇಂಜಿನ ಸೂರ್ಯನಿಗೂ ಗಂಟು ಹಾಕುವವರು ಬಹಳ. ಬಾಗಿಲ ಮೇಲೊಂದು ಕಿಂಡಿಯಿದೆ, ಅದರ ಅಡ್ಡಗಲ್ಲಿನ ಮೇಲೆ ಚೌಕದೊಳಗೆ ಗುಣಿಸು ಚಿಹ್ನೆಯಂಥ ಗುರುತುಗಳ ಸಾಲು. ಓ’ಕೆಲಿ ಅದನ್ನು ಬಿಡಿಸಿದಾಗ ಅದು ಏಕಿದೆಯೆಂದು ತಿಳಿಯಲಿಲ್ಲ. ಬಂದವರು ಮಾತ್ರ, ವರ್ಷಕ್ಕೊಮ್ಮೆ ಬಿಸಿಲು ಒಳಗಿನ ಸುಳಿಯವರೆಗೆ ಹೋಗುತ್ತದಂತೆ ಎಂದು ಊರ ಮಾತನ್ನು ಹೇಳುತ್ತಿದ್ದರು. ಸ್ಟೋನ್‌ಹೆಂಜಿನ ಸುದ್ದಿಯನ್ನು ಇಲ್ಲಿಗೆ ಬೆರೆಸಿದ್ದಾರೆ ಎಂದುಕೊಂಡ ಓ’ಕೆಲಿ, ಆದರೂ ಇರಲಿ ಎಂದು 1967ರ ಡಿಸೆಂಬರ್ 21ರ ಮುಂಜಾನೆ ಒಳಗೆ ಕಾದರು. ಕಿಂಡಿಯಿಂದ ಎಳೆಯಾಗಿ ಬಂದ ಬಿಸಿಲು ನೆಲದುದ್ದಕ್ಕೂ ಹರಿದು ಕೋಣೆಯ ಕೊನೆ ಮುಟ್ಟಿ, 17 ನಿಮಿಷ ಇದ್ದು ಹೋಯಿತು. ಸರಿ. ಆದರೆ ಏಂಗಸನ ಕತೆ ಬರೆದವರಿಗೆ ಇದು ಗೊತ್ತಿತ್ತೇ? ಅಷ್ಟು ಹೊತ್ತಿಗೆ ದಿಬ್ಬ ಕುಸಿದು ಬಾಗಿಲು ಮುಚ್ಚಿತ್ತು, ಅಂಚುಗಲ್ಲುಗಳು ಹೆಚ್ಚಿನವು ಮಣ್ಣಿನಡಿ ಸೇರಿದ್ದವು. ಇಷ್ಟು ಅಂದವಾಗಿ ಕೂಡಿಬರುವ ವಿವರಣೆ ಕಂಡರೆ ನನಗೆ ಗುಮಾನಿ.

ಬಾಗಿಲು ಮುಚ್ಚಿದ್ದರಿಂದಲೇ ಶೀದ್ ಎಂಬ ಪದ ಇಲ್ಲಿ ಬೇರು ಬಿಟ್ಟಿತೆಂದು ನನ್ನ ಅಂದಾಜು. ಒಳಗೆ ಹೋಗಲು ಬಾರದ ಮನೆಯಲ್ಲಿ ತಾನೇ ಯಾರೋ ಇರುವುದು. ದಿಬ್ಬದ ಮುಂದೆ ರೋಮನ್ ನಾಣ್ಯಗಳು, ಚಿನ್ನದ ಒಡವೆಗಳು ಸಿಕ್ಕಿವೆ. ಕ್ರಿಸ್ತಶಕದ ಮೊದಲ ಶತಮಾನಗಳಲ್ಲೂ ಜನ ಹೊರಗಿನಿಂದಲೇ ಕಾಣಿಕೆ ಹಾಕಿ ಹೋಗುತ್ತಿದ್ದರೆಂದಾಯಿತು. ನೌತಿನ ಸಂಗತಿ ಬೇರೆ. ಅದರ ಮೇಲೆ ಉತ್ತರ ಬ್ರೇಗದ ಅರಸರು ಬೀಡು ಬಿಟ್ಟಿದ್ದರು, ಅವರ ಕಾಲದವರು ಒಳದಾರಿಗಳಲ್ಲಿ ನುಸುಳಿ ಹೋಗಿ ಕಲ್ಲಿನ ಮೇಲೆ ಓಘಂ ಲಿಪಿಯಲ್ಲಿ, ರೋಮನ್ ಅಕ್ಷರಗಳಲ್ಲಿ ತಮ್ಮ ಹೆಸರು ಗೀರಿದರು. ಹಂಪಿಯ ಕಂಬದ ಮೇಲೆ ಹೆಸರು ಕೆತ್ತುವವರ ಪೂರ್ವಜರು ಎಲ್ಲ ನಾಡಿನಲ್ಲೂ ಇದ್ದರು. ಆಗಲೇ ನಾಲ್ಕು ಸಾವಿರ ವರ್ಷವಾಗಿದ್ದ ಸುಳಿಯ ಮಗ್ಗುಲಲ್ಲಿ ಓದಬಲ್ಲ ಹೆಸರು!

ಶೀದ್ ಮೊದಲು ಕಾಣಿಸುವ ಬರಹಗಳಲ್ಲೊಂದು ಐರಿಷ್‌ನದಲ್ಲ, ಲ್ಯಾಟಿನ್ನಿನದು. 7ನೇ ಶತಮಾನದಲ್ಲಿ ತೀರೆಖಾನ್ ಎಂಬ ಪಾದ್ರಿ ಸಂತ ಪ್ಯಾಟ್ರಿಕನ ಸಂಚಾರವನ್ನು ಬರೆದ. ಕ್ರೂಅಖಾನ್ ಎಂಬಲ್ಲಿ ಬೆಳಗಿನ ಹೊತ್ತು ಇಬ್ಬರು ರಾಜಕುಮಾರಿಯರು ಬಾವಿಗೆ ಬರುತ್ತಾರೆ, ಬಿಳಿಯುಡುಪಿನ ಪಾದ್ರಿಗಳು ಕೂತಿರುವುದನ್ನು ಕಂಡು ಬೆರಗಾಗುತ್ತಾರೆ. ಇವರು ಶೀದ್‌ನವರೋ, ಭೂಮಿಯ ದೇವರುಗಳೋ, ಮಾಯಾರೂಪವೋ ತಿಳಿಯದಾಗುತ್ತದೆ. ಲ್ಯಾಟಿನ್ ವಾಕ್ಯದ ನಡುವೆ ತೀರೆಖಾನ್ ಈ ಒಂದು ಐರಿಷ್ ಪದವನ್ನು ಹಾಗೆಯೇ ಬಿಟ್ಟಿದ್ದಾನೆ. ಬದಲಿ ಪದ ಸಿಗಲಿಲ್ಲವೋ, ಹುಡುಕಲು ಮನಸ್ಸಾಗಲಿಲ್ಲವೋ. ಕ್ರೈಸ್ತರಾದ ಮೇಲೆ ಐರಿಷರು ತಮ್ಮ ಹಳೆಯ ದೇವರುಗಳನ್ನು ಸುಟ್ಟುಹಾಕಲಿಲ್ಲ, ದಿಬ್ಬದೊಳಗೆ ಕಳಿಸಿ ಬಾಗಿಲು ಹಾಕಿದರು. ಆ ದೇವರುಗಳಿಗೆ ‘ಏಸ್ ಶೀದೆ’, ದಿಬ್ಬದ ಮಂದಿ, ಎಂದು ಹೆಸರಾಯಿತು. ಇಲ್ಲಿಂದ ಪದ ಜಾರತೊಡಗಿತು. ದಿಬ್ಬದ ಮಂದಿ ಎನ್ನುವಲ್ಲಿ ‘ಮಂದಿ’ ಬಿದ್ದುಹೋಗಿ ‘ಶೀ’ ಎಂದರೆ ಆ ಮಂದಿಯೇ ಎಂದಾಯಿತು. ಮನೆಯ ಹೆಸರು ಮನೆಯವರ ಹೆಸರಾಯಿತು.

ಪೊಲೀಸರ ‘ಶಾಂತಿ’ ಎಲ್ಲಿಂದ ಬಂತು? ಹಳೆಯ ಐರಿಷ್‌ನಲ್ಲಿ ಶಾಂತಿಗೂ ಶೀದ್ ಎಂದೇ ಹೆಸರು. ನಿಘಂಟುಗಳು ಎರಡನ್ನೂ ಬೇರೆ ಬೇರೆ ನಮೂದಿಸುತ್ತವೆ. ಆದರೆ 8ನೇ ಶತಮಾನದ ‘ಕೊನ್ಲನ ಪಯಣ’ ಎಂಬ ಕತೆಯಲ್ಲೇ ಆಚೆಲೋಕದ ಹೆಣ್ಣು ಇವೆರಡನ್ನೂ ಸೇರಿಸಿ ಮಾತಾಡುತ್ತಾಳೆ: ಜಗಳವಿಲ್ಲದೆ ಮಹಾ ಶೀದ್‌ನಲ್ಲಿ ಇರುವುದರಿಂದ ನಮಗೆ ಶೀದ್‌ನವರೆಂದು ಹೆಸರು ಎನ್ನುತ್ತಾಳೆ. ದಿಬ್ಬವೋ ಶಾಂತಿಯೋ, ಕೇಳುವವರಿಗೆ ಬಿಟ್ಟದ್ದು. ವಿದ್ವಾಂಸ ತೊಮಾಸ್ ಓ ಕಾಹಸಿ 1970ರ ದಶಕದಲ್ಲಿ ಈ ಒಂದೇ ಪದದ ಮೇಲೆ ಲೇಖನ ಬರೆದು, ಎರಡರ ನಡುವೆ ನಿಜವಾದ ನಂಟಿದೆಯೆಂದು ವಾದಿಸಿದರು. ಅರಸುತನಕ್ಕೆ ಮನ್ನಣೆ ಬರುವುದು ದಿಬ್ಬದೊಳಗಿನ ಲೋಕದಿಂದ, ಮನ್ನಣೆ ಪಡೆದ ಅರಸನ ನಾಡಿನಲ್ಲಿ ಶಾಂತಿ.

ನಮಗೆ ಇದನ್ನು ಒಪ್ಪಿಕೊಳ್ಳಲು ಕಷ್ಟವಾಗಬಾರದು. ಸಂಸ್ಕೃತದಲ್ಲಿ ಅದೇ ‘ಸದ್’ ಧಾತು ‘ಪ್ರ’ ಸೇರಿಸಿಕೊಂಡು ಎರಡು ಕವಲಾಗಿದೆ. ‘ಪ್ರಾಸಾದ’ ಎಂದರೆ ಎತ್ತರಿಸಿದ ಕೂರುಜಾಗ, ಆಮೇಲೆ ಅರಮನೆ, ದೇಗುಲ. ‘ಪ್ರಸಾದ’ ಎಂದರೆ ಕಲಕಿದ್ದು ಕೆಳಗೆ ಕೂತು ತಿಳಿಯಾಗುವುದು: ನೀರಿನ ತಿಳಿ, ಮನಸ್ಸಿನ ತಿಳಿ, ಹಾಗೆಯೇ ದೇವರ ದಯೆ. ಪ್ರಸನ್ನ ಎಂಬವನೂ ಇದೇ ಮನೆಯವನು. ದೇವಸ್ಥಾನದ ಜಗುಲಿಯಲ್ಲಿ ಕೂತು ಪ್ರಸಾದ ತಿನ್ನುವಾಗ ಈ ಧಾತುವಿನ ಎತ್ತರ ನಮ್ಮ ಬೆನ್ನಿಗಿರುತ್ತದೆ, ಶಾಂತಿ ಕೈಯಲ್ಲಿರುತ್ತದೆ. ಐರಿಷ್ ಎರಡನ್ನೂ ಒಂದೇ ಉಚ್ಚಾರದಲ್ಲಿ ಇಟ್ಟುಕೊಂಡಿತು, ಸಂಸ್ಕೃತ ಒಂದು ದೀರ್ಘದಿಂದ ಬೇರೆ ಮಾಡಿತು. ಐರಿಷ್‌ನ ಎರಡು ಶೀದ್‌ಗಳೂ ಒಂದೇ ಎಂದು ಇದು ಸಾಬೀತು ಮಾಡುವುದಿಲ್ಲ, ಅಂಥ ಕವಲು ಅಸಹಜವಲ್ಲ ಎಂದಷ್ಟೇ ತೋರಿಸುತ್ತದೆ.

ಹಳ್ಳಿಗಳಿಗೆ ಬಂದ ಮೇಲೆ ಶೀ ಸಣ್ಣದಾಯಿತು, ಹಾಗೆಯೇ ಹೆಚ್ಚು ಭಯದ್ದೂ ಆಯಿತು. ‘ಬೆನ್ ಶೀ’, ದಿಬ್ಬದ ಹೆಣ್ಣು, ಹಳೆಯ ಕತೆಗಳಲ್ಲಿ ಅರಸುಮಕ್ಕಳನ್ನು ಕರೆದೊಯ್ಯುವ ಚೆಲುವೆ. ಬರಬರುತ್ತಾ ಹಳೆಯ ಮನೆತನಗಳ ಸಾವಿಗೆ ಅಳುವವಳಾದಳು, ಇಂಗ್ಲಿಷಿಗೆ ಹೋಗಿ ಬರಿಯ ಕಿರುಚುವವಳಾದಳು. ‘ಸ್ಲೂಅ ಶೀ’ ಎಂದರೆ ಗಾಳಿಯಲ್ಲಿ ಸಾಗುವ ಅವರ ದಂಡು. ‘ಶೀ ಗೀಹ’ ಎಂದರೆ ಸುಳಿಗಾಳಿ. ದಾರಿಯ ಧೂಳು ಸುತ್ತಿಕೊಂಡು ಎದ್ದರೆ ಅದರೊಳಗೆ ಅವರಿದ್ದಾರೆಂದು ಐರಿಷ್ ರೈತ ಟೋಪಿ ತೆಗೆಯುತ್ತಿದ್ದ. ಗಾಳಿ ಸೋಕಿತು, ಗಾಳಿ ಮೆಟ್ಟಿಕೊಂಡಿತು ಎನ್ನುವ ನಮ್ಮ ಅಜ್ಜಿಯಂದಿರಿಗೆ ಅವನ ಅಳುಕು ಚೆನ್ನಾಗಿ ಅರ್ಥವಾಗುತ್ತಿತ್ತು. 1899ರ ತನ್ನ ಕವನ ಸಂಗ್ರಹದ ಟಿಪ್ಪಣಿಯಲ್ಲಿ ಯೇಟ್ಸ್, ಶೀ ಎಂದರೆ ಗಾಳಿಯೆಂದೂ ಅರ್ಥ ಎಂದುಬಿಟ್ಟ. ಗಾಳಿಯ ಅರ್ಥ ಇರುವುದು ‘ಗೀಹ’ದಲ್ಲಿ, ಕವಿ ಸ್ವಲ್ಪ ಅವಸರಪಟ್ಟ. ಕನ್ನಡದಲ್ಲಿ ಆ ಗಾಳಿಗೂ ಆ ಕಲ್ಲಿನ ಗೆರೆಗೂ ‘ಸುಳಿ’ ಎಂಬ ಒಂದೇ ಪದ ಸಲ್ಲುತ್ತದೆ, ಅದು ನಮ್ಮ ಭಾಷೆಯ ಅದೃಷ್ಟ, ಅವರ ಗುಟ್ಟಲ್ಲ.

ಸ್ಕಾಟ್ಲೆಂಡಿಗೂ ಪದ ದಾಟಿತು. ಅಬರ್‌ಫಾಯಿಲ್‌ನ ಪಾದ್ರಿ ರಾಬರ್ಟ್ ಕಿರ್ಕ್ 1690ರ ದಶಕದ ಮೊದಲಲ್ಲಿ ಈ ಮಂದಿಯ ರೀತಿ ರಿವಾಜುಗಳ ಮೇಲೆ ಒಂದು ಗ್ರಂಥವನ್ನೇ ಬರೆದ. 1692ರಲ್ಲಿ ದಿಬ್ಬದ ಬಳಿ ಅವನು ಬಿದ್ದು ಸತ್ತಾಗ, ಸತ್ತಿಲ್ಲ, ಒಳಗೆ ಎಳೆದುಕೊಂಡಿದ್ದಾರೆ ಎಂದು ಊರವರು ತೀರ್ಮಾನಿಸಿದರು. ಶೀಹಾಲಿಯನ್ ಎಂಬ ಬೆಟ್ಟವಿದೆ, ಕ್ಯಾಲಿಡೋನಿಯರ ಶೀ ಎಂದು ಅದರ ಅರ್ಥ. 1774ರಲ್ಲಿ ಖಗೋಳಜ್ಞ ನೆವಿಲ್ ಮ್ಯಾಸ್ಕಲಿನ್ ತೂಗುಗುಂಡು ಹಿಡಿದು ಹೋಗಿ, ಬೆಟ್ಟದ ಸೆಳೆತಕ್ಕೆ ಅದು ಎಷ್ಟು ಓರೆಯಾಗುತ್ತದೆಂದು ಅಳೆದ. ಭೂಮಿಯ ಸಾಂದ್ರತೆಯನ್ನು ಲೆಕ್ಕ ಹಾಕಿದ್ದು ಆ ಅಳತೆಯಿಂದ. ಯಕ್ಷಿಣಿಗಳ ಬೆಟ್ಟವನ್ನು ತಕ್ಕಡಿ ಮಾಡಿಕೊಂಡು ಭೂಮಿಯನ್ನೇ ತೂಗಿದರು.

ಐರ್ಲೆಂಡಿನಿಂದ ನಮ್ಮ ಕಡೆಗೂ ಒಂದು ಎಳೆಯಿದೆ. ಸುರಪುರ ಸಂಸ್ಥಾನದಲ್ಲಿ ಅಧಿಕಾರಿಯಾಗಿದ್ದ ಮೆಡೋಸ್ ಟೇಲರ್ ರಾಜನಕೋಳೂರಿನ ಕಲ್ಗೋರಿಗಳನ್ನು ನೋಡಿ, ಅಳೆದು, ಚಿತ್ರ ಬರೆದ. ನಿವೃತ್ತನಾಗಿ ಡಬ್ಲಿನ್ನಿನ ಬಳಿ ನೆಲೆಸಿದ ಮೇಲೆ ಅವುಗಳ ವಿವರವನ್ನು ರಾಯಲ್ ಐರಿಷ್ ಅಕಾಡೆಮಿಯ ಮುಂದಿಟ್ಟ. 1860ರ ದಶಕದಲ್ಲಿ ಅದು ಅಚ್ಚಾಯಿತು. ಎರಡೂ ಕಡೆಯ ಕಲ್ಲುಗಳು ಒಂದೇ ಜನಾಂಗದವು ಎಂಬ ಅವನ ಸಿದ್ಧಾಂತ ನಿಲ್ಲಲಿಲ್ಲ. ನಮ್ಮವು ಬಹುಪಾಲು ಕಬ್ಬಿಣ ಯುಗದವು, ನ್ಯೂಗ್ರೇಂಜಿಗಿಂತ ಎರಡು ಸಾವಿರ ವರ್ಷವಾದರೂ ಈಚಿನವು. ನಿಂತದ್ದು ಅವನು ಕಿವಿಗೊಟ್ಟ ಊರವರ ಮಾತು. ಅವಕ್ಕೆ ಅಲ್ಲಿ ‘ಮೋರಿಯರ ಮನೆ’ ಎಂದು ಹೆಸರು, ಕುಳ್ಳ ಜನ ಅಲ್ಲಿದ್ದರೆಂದು ನಂಬಿಕೆ. ಹಿರೇಬೆಣಕಲ್ಲಿನ ಬೆಟ್ಟವನ್ನೂ ಮೋರಿಯರ ಗುಡ್ಡ ಎನ್ನುತ್ತಾರೆ. ಸತ್ತವರ ಜಾಗವನ್ನು ನಮ್ಮವರೂ ‘ಮನೆ’ ಎಂದೇ ಕರೆದರು, ಒಳಗೆ ಒಕ್ಕಲನ್ನೂ ಕೂರಿಸಿದರು.

ಬಾಯ್ನ್ ಕಣಿವೆಯ ಮೂರನೆಯ ದಿಬ್ಬ ಡೌತ್‌ಗೂ ಒಂದು ಸ್ಥಳಪುರಾಣವಿದೆ. ಬ್ರೆಸಲ್ ಎಂಬ ಅರಸ ಆಕಾಶ ಮುಟ್ಟುವ ಗೋಪುರವನ್ನು ಒಂದೇ ದಿನದಲ್ಲಿ ಕಟ್ಟಿಸಲು ಹೊರಟ. ಅವನ ತಂಗಿ ಮಂತ್ರ ಹಾಕಿ ಸೂರ್ಯನನ್ನು ನಿಲ್ಲಿಸಿದಳು. ಅರಸ ಅವಳನ್ನೇ ಕೂಡಿದ. ಮಂತ್ರ ಕೆಟ್ಟು ಕತ್ತಲಾಯಿತು, ಆಳುಗಳು ಕೆಲಸ ಬಿಟ್ಟು ಹೋದರು. ಅದಕ್ಕೇ ‘ದುಬಾದ್’, ಕತ್ತಲು. ಮಧ್ಯಯುಗದವರು ಪದಜಿಜ್ಞಾಸೆಯನ್ನು ಹೀಗೆ ಮಾಡುತ್ತಿದ್ದರು. 2020ರಲ್ಲಿ ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನ ತಂಡ ನ್ಯೂಗ್ರೇಂಜಿನ ಕೋಣೆಯಲ್ಲಿ ಸಿಕ್ಕ ಒಬ್ಬ ಗಂಡಸಿನ ಮೂಳೆಯ ಡಿಎನ್ಎ ಓದಿ, ಅವನ ತಂದೆತಾಯಿ ಒಡಹುಟ್ಟಿದವರು ಅಥವಾ ಅಷ್ಟೇ ಹತ್ತಿರದ ರಕ್ತಸಂಬಂಧಿಗಳು ಎಂದು ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿತು. ಡೌತಿನ ಕತೆ ನಾಲ್ಕು ಸಾವಿರ ವರ್ಷದ ನೆನಪೇ ಎಂದು ಪತ್ರಿಕೆಗಳು ಕೇಳಿದವು. ಒಬ್ಬನ ಮೂಳೆ ಹಿಡಿದು ಇಡೀ ರಾಜವಂಶವನ್ನು ಕಟ್ಟುವುದು ಹೇಗೆಂದು ಆಮೇಲೆ ಬೇರೆ ಪುರಾತತ್ವಜ್ಞರು ಆಕ್ಷೇಪವೆತ್ತಿದ್ದಾರೆ. ನಡುವೆ ಭಾಷೆ ಬದಲಾಗಿ, ಜನ ಬದಲಾಗಿ, ಈ ಒಂದು ಅಪವಾದ ಮಾತ್ರ ಬಾಯಿಂದ ಬಾಯಿಗೆ ಬಂತೆಂದರೆ ನಾನೂ ನಂಬಲಾರೆ. ಅಣ್ಣತಂಗಿಯ ಪಾಪದಿಂದ ಸೂರ್ಯ ಮರೆಯಾಗುವ ಕತೆ ಬೇರೆ ನಾಡುಗಳಲ್ಲೂ ಸಿಗುತ್ತದೆ.

ನ್ಯೂಗ್ರೇಂಜ್ ಎಂಬ ಹೆಸರಿಗೆ ಇದ್ಯಾವುದರ ಗೊಡವೆಯೂ ಇಲ್ಲ. 1142ರಲ್ಲಿ ಮೆಲಿಫಾಂಟ್‌ನಲ್ಲಿ ಮಠ ಕಟ್ಟಿದ ಸಿಸ್ಟರ್ಸಿಯನ್ ಸನ್ಯಾಸಿಗಳು ಈ ಜಮೀನನ್ನು ಸಾಗುವಳಿಗೆ ತೆಗೆದುಕೊಂಡರು. ಮಠದ ಹೊರಹೊಲಕ್ಕೆ, ಅಲ್ಲಿನ ಕಣಜಕ್ಕೆ ಗ್ರೇಂಜ್ ಎಂದು ಹೆಸರು. ಹೊಸ ಕಣಜ, ಅಷ್ಟೇ. ಐರಿಷ್ ಹೆಸರಿನಲ್ಲಿ ‘ವ್ರೂ’ ಆಗಿರುವ ‘ಬ್ರೂ’ ಎಂದರೆ ಹಿರಿಯರ ದೊಡ್ಡ ಮನೆ. ಇಂದಿನ ಐರಿಷ್‌ನಲ್ಲಿ ವಿದ್ಯಾರ್ಥಿಗಳು, ಅಲೆಮಾರಿ ಯುವಕರು ತಂಗುವ ಅಗ್ಗದ ವಸತಿಗೃಹಕ್ಕೂ ಅದೇ ಪದ. ದಗ್ದನ ಅರಮನೆಯ ಹೆಸರು ಯೂತ್ ಹಾಸ್ಟೆಲ್ಲಿನ ಫಲಕಕ್ಕೆ ಬಂದಿದೆ. ಶೀ ಅಷ್ಟು ಸುಲಭವಾಗಿ ಪಳಗಲಿಲ್ಲ. ಅದು ಇರುವ ಜಾಗವನ್ನು ರೈತರು ಉಳಲಿಲ್ಲ, ಒಂಟಿ ಮುಳ್ಳುಮರವನ್ನು ಕಡಿಯಲಿಲ್ಲ. 1999ರಲ್ಲೂ ಕ್ಲೇರ್ ಜಿಲ್ಲೆಯ ಲಟೂನಿನಲ್ಲಿ ಹೊಸ ಹೆದ್ದಾರಿಯ ದಾರಿಗೆ ಬಂದ ಅಂಥ ಒಂದು ಮರವನ್ನು ಉಳಿಸಬೇಕೆಂದು ಜಾನಪದ ವಿದ್ವಾಂಸ ಎಡ್ಡಿ ಲೆನಿಹನ್ ಪತ್ರಿಕೆಗಳಿಗೆ ಬರೆದರು, ಎಂಜಿನಿಯರುಗಳು ಮರವನ್ನು ಬಿಟ್ಟು ರಸ್ತೆ ಮಾಡಿದರು. ಪ್ರಾಚೀನ ಸ್ಮಾರಕಗಳಿಗೆ ಕಾನೂನು ಬರುವುದು 19ನೇ ಶತಮಾನದ ಕೊನೆಗೆ. ಅದಕ್ಕೆ ಮುಂಚೆ ಐರ್ಲೆಂಡಿನ ಎಷ್ಟೋ ದಿಬ್ಬಗಳು ಗುದ್ದಲಿ ತಾಗದೆ ಉಳಿದದ್ದು ಈ ಪದದ ಹೆದರಿಕೆಯಿಂದ. ಚಾರ್ಲ್ಸ್ ಕ್ಯಾಂಬೆಲ್ ಹೊರಗಿನಿಂದ ಬಂದು ನೆಲೆಸಿದ ಜಮೀನುದಾರ, ಅವನಿಗೆ ಆ ಹೆದರಿಕೆಯಿರಲಿಲ್ಲ. ಅದಿಲ್ಲದ್ದರಿಂದಲೇ ಸುಳಿಗಲ್ಲು ಬೆಳಕಿಗೆ ಬಂತು.